ಹಾರ್ಡ್‌ಫೇಸಿಂಗ್: ‘ಗಟ್ಟಿ ಲೇಪನ’ ಎನ್ನಬಹುದೇ?

ಪ್ರಶ್ನೆ: ಜಲ್ಲಿ ಕ್ರಷರಿನ ಸವೆದ ಮ್ಯಾಂಗನೀಸ್ ಉಕ್ಕಿನ ಜಾ ಪ್ಲೇಟುಗಳಿಗೆ (ಕಲ್ಲನ್ನು ಅಗಿದು ಪುಡಿಮಾಡುವ ದವಡೆ ಪ್ಲೇಟುಗಳಿಗೆ) ವೆಲ್ಡಿಂಗ್ ಮಾಡಿ ಮಿಶ್ರಲೋಹದ ಪದರ ಕೂರಿಸುವ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಾರ್ಡ್‌ಫೇಸಿಂಗ್‌ಗೆ ‘ಗಟ್ಟಿ ಲೇಪನ’ ಸರಿಯೇ? ಬಿಲ್ಡಪ್, ಬಫರ್ ಲೇಯರ್, ಡೈಲ್ಯೂಶನ್‌ಗಳಿಗೆ ಏನೆನ್ನಲಿ?

ಉತ್ತರ: ‘ಗಟ್ಟಿ’, ‘ಲೇಪನ’ ಎರಡೂ ಬೇಡ. ಲೇಪ ಎಂದರೆ ಬಣ್ಣದಂತೆ, ಕಲಾಯಿಯಂತೆ ಮೇಲೆ ಕೂರುವಂಥದ್ದು. ಇಲ್ಲಿ ಆರ್ಕಿನ (ವೆಲ್ಡಿಂಗ್ ಕಿಡಿಯ) ಕಾವಿಗೆ ತಳದ ಉಕ್ಕೂ ಕರಗಿ ವೆಲ್ಡಿಂಗ್ ರಾಡಿನ ಲೋಹದೊಡನೆ ಬೆರೆಯುತ್ತದೆ. ‘ಗಟ್ಟಿ’ ಎಂದರೆ ಒಡೆಯದ್ದು ಎಂದೇ ಓದುಗರು ತಿಳಿಯುತ್ತಾರೆ. ಕ್ರೋಮಿಯಂ ಕಾರ್ಬೈಡ್ ಪದರಕ್ಕೆ ಗಡಸುತನ ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ 55–60ರಷ್ಟು ಗಡಸುತನವಿದ್ದರೂ ಜೋರು ಪೆಟ್ಟಿಗೆ ಚಕ್ಕೆಯೇಳುತ್ತದೆ. ಹಾಗಾಗಿ ‘ಗಡಸು ಬೆಸುಗೆ’ ಎನ್ನಿ. ಕುಲುಮೆಯ ‘ಕುಳ ಹಣಿಸು’ (ನೇಗಿಲ ಕುಳವನ್ನು ಬಡಿದು ಸರಿಮಾಡಿಸುವುದು) ಚೆಂದದ ಮಾತು, ಆದರೆ ಅಲ್ಲಿ ಇದ್ದ ಲೋಹವನ್ನೇ ಬಡಿದು ಚಾಚುವುದು, ಇಲ್ಲಿಗೆ ಹೊಂದದು.

ಡೈಲ್ಯೂಶನ್‌ಗೆ, ಎಂದರೆ ತಳದ ಲೋಹ ಪದರದೊಳಗೆ ಬೆರೆಯುವುದಕ್ಕೆ, ‘ತಳಬೆರಕೆ’ ಎನ್ನುವೆ. ‘ತೆಳುವಾಗುವಿಕೆ’ ಎಂದರೆ ಪದರವೇ ತೆಳುವಾಯಿತೆಂದು ವೆಲ್ಡರ್ ಇನ್ನೊಂದು ಬೆಸುಗೆಯ ಸಾಲು ಎಳೆದಾನು! ರಾಡಿನಿಂದ ಬೆಸೆದಾಗ ಮೊದಲ ಪದರದಲ್ಲಿ ಸುಮಾರು 20–40% ತಳದ ಲೋಹವೇ ಇರುತ್ತದೆ. ರಾಡಿನ ಪ್ಯಾಕೆಟ್ಟಿನ ಮೇಲೆ ಬರೆದ ಗಡಸುತನ ಎರಡನೆಯ ಪದರದಲ್ಲಿ ಸಿಗುವುದು ಅದಕ್ಕೇ.

ಬಿಲ್ಡಪ್ ‘ತುಂಬು ಬೆಸುಗೆ’. ಸವೆದ ಆಕಾರವನ್ನು ಮ್ಯಾಂಗನೀಸ್ ರಾಡಿನಿಂದ ತುಂಬಿ, ಮೇಲಿನ 3–6 ಮಿ.ಮೀ. ಮಾತ್ರ ಗಡಸು ಬೆಸುಗೆಗೆ ಬಿಡಬೇಕು. ಈ ಎರಡು ಹಂತಕ್ಕೆ ಒಂದೇ ಪದ ಬಳಸಿದರೆ ಇಡೀ ಗುಂಡಿಗೆ ಕಾರ್ಬೈಡ್ ರಾಡನ್ನೇ ತುಂಬುತ್ತಾರೆ, ಅದು ಚಕ್ಕೆ ಚಕ್ಕೆಯಾಗಿ ಕಳಚುತ್ತದೆ. ಬಫರ್ ಲೇಯರ್ ‘ನಡುಪದರ’; ತಳಕ್ಕೂ ಗಡಸು ಬೆಸುಗೆಗೂ ನಡುವೆ ಕೂರುವ ಇದು 309 ದರ್ಜೆಯಂತಹ ಸ್ಟೇನ್‌ಲೆಸ್ ರಾಡಿನದು.

ನೀವು ಕೇಳದ ಇನ್ನೆರಡು ಪದಗಳು. ಚೆಕ್ ಕ್ರ್ಯಾಕ್‌ಗೆ ಬರಿಯ ‘ಬಿರುಕು’ ಸಾಲದು, ‘ಅಡ್ಡಬಿರುಕು’ ಎನ್ನಿ. ಕಾರ್ಬೈಡ್ ಸಾಲು ಆರುವಾಗ ಅಡ್ಡಡ್ಡಲಾಗಿ ಕೂದಲೆಳೆಯಂತೆ ಸೀಳಿ ಒಳಬಿಗಿತ ಬಿಡುತ್ತದೆ. ಅದು ದೋಷವಲ್ಲ, ಉಜ್ಜಿ ಮತ್ತೆ ಬೆಸೆಯಬೇಕಿಲ್ಲ. ಸಾಲಿನುದ್ದಕ್ಕೆ ಓಡಿದರೆ ಅಥವಾ ತಳದ ಉಕ್ಕಿಗೆ ಇಳಿದರೆ ಅದು ದೋಷವೇ.

ಪ್ರೀಹೀಟ್‌ಗೆ ‘ಮುಂಚೆ ಕಾಯಿಸು’ ಸಾಕು. ಆದರೆ ಸಾಮಾನ್ಯ ಕಾರ್ಬನ್ ಉಕ್ಕಿನ 150–250 ಡಿಗ್ರಿಯ ಪಟ್ಟಿಯನ್ನು ಮ್ಯಾಂಗನೀಸ್ ಉಕ್ಕಿನ ಅಧ್ಯಾಯಕ್ಕೆ ತರಬೇಡಿ. ಮ್ಯಾಂಗನೀಸ್ ಉಕ್ಕು ಬೆಸೆಯುವಾಗ ಸಾಲುಗಳ ನಡುವೆ 260 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಹೆಚ್ಚು ಹೊತ್ತು ಕಾದರೆ ಉಕ್ಕಿನ ಕಣಗಳ ಅಂಚಿನಲ್ಲಿ ಕಾರ್ಬೈಡ್ ಕೂಡಿಕೊಂಡು ಪ್ಲೇಟೇ ಪೆಡಸಾಗಿ ಒಡೆಯುವಂತಾಗುತ್ತದೆ. ಅಲ್ಲಿ ‘ಚಿಕ್ಕ ಚಿಕ್ಕ ಸಾಲು ಎಳೆದು, ಜಾಗ ಬದಲಿಸುತ್ತಾ ಆರಲು ಬಿಡಿ’ ಎಂದು ಬರೆಯಿರಿ.