ಅಪರ್ಟ್ ಸಿಂಡ್ರೋಮ್ ಇರುವ ಎಳೆ ಮಗು: ಮನೆಯಲ್ಲಿ ಏನೇನು ಗಮನಿಸಬೇಕು?

ಪ್ರಶ್ನೆ: ನಮ್ಮ ಎಳೆ ಮಗಳಿಗೆ ಅಪರ್ಟ್ ಸಿಂಡ್ರೋಮ್ (ತಲೆಬುರುಡೆ, ಮುಖ, ಕೈಕಾಲು ಬೆರಳುಗಳ ಎಲುಬು ಹುಟ್ಟಿನಿಂದಲೇ ಬೇರೆ ರೀತಿ ಬೆಳೆಯುವ ಸ್ಥಿತಿ) ಇದೆ ಅಂತ ಡಾಕ್ಟರು ಹೇಳಿದ್ದಾರೆ. ಹಣೆ ಎತ್ತರ, ತಲೆಯ ಹಿಂಭಾಗ ಚಪ್ಪಟೆ, ಕೈಬೆರಳು ಕಾಲ್ಬೆರಳು ಕೂಡಿಕೊಂಡಿವೆ. ಆಪರೇಷನ್ ಸ್ವಲ್ಪ ಬೆಳೆದ ಮೇಲೆ ಅಂದಿದ್ದಾರೆ. ಅಲ್ಲಿವರೆಗೆ ನಾವು ಏನು ನೋಡಿಕೊಳ್ಳಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಒಬ್ಬ ತಾಯಿ: ನನ್ನ ಮಗನಿಗೂ ಇದೇ ಇದೆ, ಈಗ ಶಾಲೆಗೆ ಹೋಗುತ್ತಾನೆ. ನೋಡಿದವರೆಲ್ಲ ತಲೆ, ಕೈ ಬಗ್ಗೆಯೇ ಕೇಳುತ್ತಾರೆ. ನೀವು ಮೊದಲು ಉಸಿರಾಟ ನೋಡಿ. ಈ ಮಕ್ಕಳಿಗೆ ಮುಖದ ನಡುಭಾಗದ ಎಲುಬು ಮುಂದಕ್ಕೆ ಬೆಳೆದಿರುವುದಿಲ್ಲ, ಮೂಗಿನ ದಾರಿ ಕಿರಿದು. ಹಾಲು ಕುಡಿಯುವಾಗಲೇ ಸುಸ್ತಾಗಿಬಿಡುತ್ತವೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಉಸಿರೆಳೆದಾಗ ಎದೆ ಒಳಗೆ ಹೋಗುವುದು ಕಂಡರೆ ಮುಂದಿನ ತಪಾಸಣೆವರೆಗೆ ಕಾಯಬೇಡಿ. ಮಲಗಿರುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ ತೋರಿಸಿ, ಬಾಯಲ್ಲಿ ಹೇಳುವುದಕ್ಕಿಂತ ಅದು ಜಾಸ್ತಿ ಕೆಲಸಕ್ಕೆ ಬರುತ್ತದೆ. ತುಟಿ ನೀಲಿಯಾದರೆ ತಕ್ಷಣ ಎಮರ್ಜೆನ್ಸಿಗೆ ಹೋಗಿ.

ಆಮೇಲೆ ಕಣ್ಣು. ಕಣ್ಣಿನ ಗೂಡು ಆಳವಿಲ್ಲದ್ದರಿಂದ ಗುಡ್ಡೆ ಮುಂದೆ ಬಂದಿರುತ್ತದೆ. ಮಲಗಿದಾಗ ರೆಪ್ಪೆ ಪೂರ್ತಿ ಮುಚ್ಚುತ್ತದಾ ನೋಡಿ. ಮುಚ್ಚದಿದ್ದರೆ ಕರಿಗುಡ್ಡೆ ಒಣಗಿ ಹುಣ್ಣಾಗಬಹುದು. ನಮಗೆ ರಾತ್ರಿ ಹಚ್ಚಲು ಮುಲಾಮು ಕೊಟ್ಟಿದ್ದರು.

ಈ ಮಕ್ಕಳಿಗೆ ತಲೆಬುರುಡೆಯ ಸಂದುಗಳು ಬೇಗ ಬೆಸೆದುಕೊಳ್ಳುವುದರಿಂದ ತಲೆಯೊಳಗೆ ಒತ್ತಡ ಏರಬಹುದು. ನೆತ್ತಿ ಅಗಲವಾಗಿ ತೆರೆದೇ ಇದೆಯಲ್ಲ, ಒತ್ತಡ ಎಲ್ಲಿಂದ ಬರುತ್ತದೆ ಅಂತ ಸುಮ್ನೆ ಇರಬೇಡಿ. ಪದೇಪದೇ ವಾಂತಿ, ನಿಲ್ಲದ ಅಳು, ಮಂಕು ಇದ್ದರೆ ತಿಳಿಸಿ. ಕೆಲವು ಮಕ್ಕಳಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಅದಕ್ಕೇ ಒತ್ತಡ ಏರಿದೆಯಾ ಅಂತ ತಿಳಿಯಲು ಕಣ್ಣಿನ ನರ ನೋಡುವ ಪರೀಕ್ಷೆ ಒಂದನ್ನೂ ತಪ್ಪಿಸಬೇಡಿ.

ಇನ್ನೊಬ್ಬ ತಾಯಿ: ಕಿವಿ ಮರೆಯಬೇಡಿ! ನಡುಗಿವಿಯಲ್ಲಿ ನೀರು ನಿಂತು ಕೇಳುವುದು ಕಡಿಮೆಯಾಗುತ್ತದೆ. ನನ್ನ ಮಗಳಿಗೆ ಅಂಗುಳ ಸೀಳು ಕೂಡ ಇತ್ತು, ಮಾತು ತಡವಾಯಿತು. ಬುದ್ಧಿ ಕಡಿಮೆ ಅಂತ ಯಾರಾದರೂ ಅಂದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಈ ಮಕ್ಕಳ ಬುದ್ಧಿ ಒಬ್ಬರಿಂದ ಒಬ್ಬರಿಗೆ ತುಂಬ ಬೇರೆ, ಮುಖ ನೋಡಿ ಹೇಳಲು ಆಗುವುದಿಲ್ಲ.

ಒಬ್ಬ ತಂದೆ: ತಾಯಿಗೆ ಒಂದು ಮಾತು. ನೀವು ತಿಂದದ್ದು, ಮಾಡಿದ್ದು ಯಾವುದೂ ಇದಕ್ಕೆ ಕಾರಣ ಅಲ್ಲ. ಎಫ್‌ಜಿಎಫ್‌ಆರ್2 ಅನ್ನುವ ಜೀನ್‌ನಲ್ಲಿ ಆಗುವ ಬದಲಾವಣೆ ಇದು. ಹೆಚ್ಚಿನ ಮನೆಗಳಲ್ಲಿ ಹೊಸದಾಗಿ ಬರುತ್ತದೆ, ಅದೂ ಸಾಮಾನ್ಯವಾಗಿ ತಂದೆಯ ವೀರ್ಯಾಣುವಿನಿಂದ. ಮುಂದೆ ನಿಮ್ಮ ಮಗಳಿಗೆ ಮಕ್ಕಳಾದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಜೆನೆಟಿಕ್ ಕೌನ್ಸೆಲಿಂಗ್‌ಗೆ ಇಬ್ಬರೂ ಹೋಗಿ.

ಈ ಸಿಂಡ್ರೋಮ್ ಇರುವ ಒಬ್ಬರು: ನಾನು ಬೆಳೆದಿದ್ದು ಇದೇ ಕೈಗಳಲ್ಲಿ. ಬೆರಳು ಬಿಡಿಸುವ ಆಪರೇಷನ್ ಹಲವು ಹಂತಗಳಲ್ಲಿ ಆಗುತ್ತದೆ. ಬಿಡಿಸಿದ ಮೇಲೂ ನಡುಗೆಣ್ಣು ಮಡಚುವುದಿಲ್ಲ, ಆದರೂ ಬರೆಯುತ್ತೇನೆ, ಗುಂಡಿ ಹಾಕಿಕೊಳ್ಳುತ್ತೇನೆ. ಹೆಬ್ಬೆರಳು ಬಿಟ್ಟುಕೊಂಡರೆ ಹಿಡಿತ ಬರುತ್ತದೆ, ಅದು ಯಾವಾಗ ಅಂತ ಡಾಕ್ಟರನ್ನು ಕೇಳಿ. ನಮ್ಮಲ್ಲಿ ಹಲವರಿಗೆ ಕತ್ತಿನ ಮೂಳೆಗಳೂ ಬೆಸೆದುಕೊಂಡಿರುತ್ತವೆ. ಯಾವ ಆಪರೇಷನ್ ಆದರೂ ಅರಿವಳಿಕೆ ಕೊಡುವವರಿಗೆ ಇದನ್ನು ಮೊದಲೇ ಹೇಳಿ, ಕತ್ತಿನ ಎಕ್ಸ್‌ರೇ ಬೇಕಾ ಅಂತ ನೀವೇ ಕೇಳಿ.