1942ರ ಷರ್ಲಾಕ್ ಹೋಮ್ಸ್ ಚಿತ್ರದ ಬಾನುಲಿ ದನಿಗೆ ನಿಜವಾದ ಆಧಾರವಿದೆಯೇ?

ಪ್ರಶ್ನೆ: ‘ಷರ್ಲಾಕ್ ಹೋಮ್ಸ್ ಅಂಡ್ ದಿ ವಾಯ್ಸ್ ಆಫ್ ಟೆರರ್’ ಚಿತ್ರದಲ್ಲಿ ನಾಜಿ ಬಾನುಲಿಯು ಬ್ರಿಟನ್ನಿನಲ್ಲಿ ನಡೆಯುವ ವಿಧ್ವಂಸಕ ಕೃತ್ಯಗಳನ್ನು ಸಾರುತ್ತ ಜನರ ಧೈರ್ಯಗೆಡಿಸುತ್ತದೆ. ಇದಕ್ಕೆ ಆಧಾರವಿದೆಯೇ? ವಿಕ್ಟೋರಿಯಾ ಕಾಲದ ಪತ್ತೇದಾರನನ್ನು ಎರಡನೆಯ ಮಹಾಯುದ್ಧಕ್ಕೆ ಎಳೆತಂದದ್ದು ಸರಿಯೇ?

ಉತ್ತರ 1: ಆಧಾರವಿದೆ. ಜರ್ಮನಿಯಿಂದ ಇಂಗ್ಲಿಷಿನಲ್ಲಿ ಪ್ರಸಾರ ಮಾಡುತ್ತಿದ್ದ, ‘ಲಾರ್ಡ್ ಹಾ-ಹಾ’ ಎಂದೇ ಕುಖ್ಯಾತನಾದ ವಿಲಿಯಂ ಜಾಯ್ಸ್‌ನ ಮಾತನ್ನು ಬ್ರಿಟನ್ನಿನಲ್ಲಿ ಬಹಳ ಜನ ಕೇಳುತ್ತಿದ್ದರು; ಯುದ್ಧ ಮುಗಿದ ಮೇಲೆ, 1946ರ ಜನವರಿಯಲ್ಲಿ, ದೇಶದ್ರೋಹಕ್ಕಾಗಿ ಅವನನ್ನು ಗಲ್ಲಿಗೇರಿಸಲಾಯಿತು.

ಉತ್ತರ 2: ಎಳೆತಂದದ್ದು ನನಗೆ ಅಸಹಜವೆನಿಸಿಲ್ಲ. ಹೋಮ್ಸ್‌ನನ್ನು ಸೃಷ್ಟಿಸಿದ ಲೇಖಕ ಕಾನನ್ ಡಾಯ್ಲ್ ಅವರೇ 1917ರ ‘ಹಿಸ್ ಲಾಸ್ಟ್ ಬೋ’ ಕತೆಯಲ್ಲಿ ಅವನನ್ನು ಜರ್ಮನ್ ಗೂಢಚಾರನ ಎದುರು ನಿಲ್ಲಿಸಿದ್ದರು. ಚಿತ್ರದ ಕೊನೆಯಲ್ಲಿ ಬರುವ, ಯುದ್ಧವನ್ನು ಮೂಡಣ ಗಾಳಿಗೆ ಹೋಲಿಸುವ ಮಾತು ಆ ಕತೆಯದೇ. ಹೋಮ್ಸ್ ಪಾತ್ರಧಾರಿ ಬೇಸಿಲ್ ರಾಥ್‌ಬೋನ್ ಅದನ್ನು ಹೇಳುವಾಗ ಇಂದಿಗೂ ಮೈ ನವಿರೇಳುತ್ತದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಆ ಕತೆಯನ್ನು ಓದಿ, ಚಿತ್ರವನ್ನು ಮತ್ತೊಮ್ಮೆ ನೋಡುತ್ತೇನೆ.