ಎರಡೂ ಹೆಡ್‌ಲೈಟ್ ಒಟ್ಟಿಗೆ ಆರಿ, ತಾವಾಗಿಯೇ ಹತ್ತಿಕೊಂಡವು: ದೋಷ ಬಲ್ಬಿನದೇ?

ಇರುಳುಪಯಣಿಗ (ಪ್ರಶ್ನೆ):
ನನ್ನ ಕಾರಿಗೆ ಹತ್ತು ವರ್ಷವಾಗಿದೆ. ಅದರಲ್ಲಿರುವುದು ಹ್ಯಾಲೊಜೆನ್ ಎಚ್4 ಬಲ್ಬುಗಳು. ಕಳೆದ ನಾಲ್ಕು ತಿಂಗಳಲ್ಲಿ ಎಡಗಡೆಯ ಬಲ್ಬು ಮೂರು ಸಲ ಸುಟ್ಟುಹೋಗಿದ್ದು, ಪ್ರತಿ ಸಲವೂ ಹೊಸದನ್ನು ಹಾಕಿಸಿ ಸುಮ್ಮನಾಗಿದ್ದೆ. ಆದರೆ ಮೊನ್ನೆ ರಾತ್ರಿ, ಬೀದಿದೀಪಗಳಿಲ್ಲದ ರಸ್ತೆಯ ತಿರುವಿನಲ್ಲಿ ಎರಡೂ ದೀಪಗಳು ಒಟ್ಟಿಗೆ ಆರಿದವು. ಮೂರು ನಾಲ್ಕು ಸೆಕೆಂಡುಗಳ ಬಳಿಕ ಅವು ತಾವಾಗಿಯೇ ಹತ್ತಿಕೊಂಡಾಗ ಕಾರಿನ ಎಡಚಕ್ರಗಳು ರಸ್ತೆಯ ಅಂಚಿನಿಂದ ಕೆಳಗಿಳಿದಿದ್ದವು. ಗ್ಯಾರೇಜಿನವರು ಎರಡೂ ಬಲ್ಬುಗಳನ್ನು ಬದಲಾಯಿಸಿ, ಇನ್ನು ತೊಂದರೆಯಿಲ್ಲ ಎಂದಿದ್ದಾರೆ. ನನಗೇಕೋ ನಂಬಿಕೆ ಬರುತ್ತಿಲ್ಲ. ನಿಜವಾದ ದೋಷ ಎಲ್ಲಿರಬಹುದು? ಮತ್ತೊಮ್ಮೆ ಹಾಗಾದರೆ ಆ ಕ್ಷಣದಲ್ಲಿ ಏನು ಮಾಡಬೇಕು?

ತಂತಿಬಲ್ಲವ:
ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಸುಟ್ಟ ಬಲ್ಬು ತಾನಾಗಿ ಮತ್ತೆ ಉರಿಯುವುದಿಲ್ಲ, ಸುಟ್ಟ ಫ್ಯೂಸೂ ಅಷ್ಟೇ. ಅಲ್ಲದೆ ಬಹಳಷ್ಟು ಕಾರುಗಳಲ್ಲಿ ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಫ್ಯೂಸು ಇರುವುದರಿಂದ, ಎರಡೂ ದೀಪಗಳು ಒಂದೇ ಗಳಿಗೆಯಲ್ಲಿ ಆರಿ ಮತ್ತೆ ಹತ್ತಿದವೆಂದರೆ ಎರಡಕ್ಕೂ ಸಾಮಾನ್ಯವಾದ ದಾರಿಯಲ್ಲೇ, ಅಂದರೆ ರಿಲೇ (ಸ್ವಿಚ್ಚಿನ ಸಣ್ಣ ವಿದ್ಯುತ್ತಿನಿಂದ ದೀಪದ ದೊಡ್ಡ ವಿದ್ಯುತ್ತನ್ನು ಹರಿಸುವ, ನಿಲ್ಲಿಸುವ ಪುಟ್ಟ ಸಾಧನ), ದೀಪದ ಸ್ವಿಚ್ಚು ಅಥವಾ ಅರ್ಥ್ ತಂತಿಯ ಜೋಡಣೆಯಲ್ಲಿ, ಸಂಪರ್ಕ ಬಿಟ್ಟು ಬಿಟ್ಟು ಸಿಗುತ್ತಿದೆ ಎಂದೇ ಅರ್ಥ. ಮೊದಲು ನೋಡಬೇಕಾದದ್ದು ಇವನ್ನು.

ಎಡಗಡೆಯ ಬಲ್ಬು ಪದೇ ಪದೇ ಹೋಗುತ್ತಿರುವುದು ಬೇರೆಯದೇ ಸಮಸ್ಯೆ ಇರಬಹುದು. ಎಂಜಿನ್ ಓಡುವಾಗ ವಿದ್ಯುತ್ತು ತಯಾರಿಸುವ ಆಲ್ಟರ್ನೇಟರಿನಿಂದ ಅತಿಯಾದ ವೋಲ್ಟೇಜು ಬರುತ್ತಿದ್ದರೆ ಎರಡೂ ಬಲ್ಬುಗಳು ಬೇಗ ಹೋಗಬೇಕಿತ್ತು. ವೋಲ್ಟೇಜು ಶೇ 5ರಷ್ಟು ಹೆಚ್ಚಾದರೂ ಹ್ಯಾಲೊಜೆನ್ ಬಲ್ಬಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದೇ ಬದಿಯದು ಹೋಗುತ್ತಿದ್ದರೆ ಸಡಿಲವಾದ ಹೋಲ್ಡರು, ಒಳಗೆ ಸೇರಿದ ನೀರು ಅಥವಾ ಬಲ್ಬು ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಿದ್ದು ಕಾರಣವಾಗಿರಬಹುದು. ಬೆರಳಿನ ಜಿಡ್ಡು ಅಂಟಿದ ಜಾಗದಲ್ಲಿ ಗಾಜು ಮಿತಿಮೀರಿ ಕಾಯುತ್ತದೆ. ಹೋಲ್ಡರನ್ನು ಕಳಚಿ, ಅದರ ಪ್ಲಾಸ್ಟಿಕ್ ಕಂದಿದೆಯೇ ಎಂದು ಒಮ್ಮೆ ನೋಡಿ.

ನಿಧಾನಚಾಲಕ:
ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ನೀವು ಆ ವೇಗದಲ್ಲಿದ್ದಿರಾದರೆ, ಮೂರು ಸೆಕೆಂಡುಗಳಲ್ಲಿ 50 ಮೀಟರ್ ದಾರಿಯನ್ನು ಕಣ್ಣುಮುಚ್ಚಿಕೊಂಡೇ ಕ್ರಮಿಸಿದಂತಾಯಿತು. ಆಗ ಗಾಬರಿಯಿಂದ ಬ್ರೇಕನ್ನು ಒಮ್ಮೆಲೇ ಒತ್ತಿದರೆ ಹಿಂದಿನ ವಾಹನ ಬಂದು ಗುದ್ದುವ ಅಪಾಯವಿದೆ. ದೀಪ ಆರುವ ಮುನ್ನ ಕಂಡಿದ್ದ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಟಿಯರಿಂಗನ್ನು ಸ್ಥಿರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಡಿಪ್ಪರ್ ಕಡ್ಡಿಯನ್ನು ನಿಮ್ಮ ಕಡೆಗೆ ಎಳೆದು ಹಿಡಿಯಿರಿ. ಹಲವು ಕಾರುಗಳಲ್ಲಿ ಹೈ ಬೀಮಿಗೆ ಬೇರೆ ದಾರಿಯಿಂದ ವಿದ್ಯುತ್ತು ಹೋಗುವುದರಿಂದ, ಲೋ ಬೀಮ್ ಆರಿದ್ದರೂ ಅದು ಉರಿಯುವ ಸಾಧ್ಯತೆಯಿದೆ. ಫಾಗ್ ಲ್ಯಾಂಪುಗಳಿದ್ದರೆ ಅವನ್ನೂ ಹಾಕಿ. ಹಜಾರ್ಡ್ ದೀಪಗಳ ಮಿನುಗು ಬೆಳಕಿನಲ್ಲಿ ರಸ್ತೆಯ ಅಂಚಾದರೂ ಅಷ್ಟಿಷ್ಟು ಕಾಣುತ್ತದೆ.

ಒಂದೇ ದೀಪದಲ್ಲಿ ಹೇಗೋ ಮನೆ ಸೇರಿದರಾಯಿತು ಎನ್ನುವವರೂ ಇದ್ದಾರೆ. ಎದುರಿನಿಂದ ಬರುವವನಿಗೆ ಒಂಟಿದೀಪದ ಕಾರು ಬೈಕಿನಂತೆ ಕಾಣುತ್ತದೆ. ರಸ್ತೆಯ ನಡುಬದಿಯ ದೀಪವೇ ಆರಿದ್ದರಂತೂ, ಅವನು ಖಾಲಿಯೆಂದು ಭಾವಿಸುವ ಜಾಗದಲ್ಲೇ ನಿಮ್ಮ ಕಾರಿನ ಅರ್ಧ ಭಾಗ ಇರುತ್ತದೆ.

ಇರುಳುಪಯಣಿಗ:
ಇಬ್ಬರಿಗೂ ಧನ್ಯವಾದಗಳು. ಬೇರೊಬ್ಬ ಎಲೆಕ್ಟ್ರಿಷಿಯನ್ ಬಳಿ ಬಿಚ್ಚಿಸಿ ನೋಡಿದೆ. ಎಡಗಡೆಯ ಹೋಲ್ಡರು ಕಂದುಬಣ್ಣಕ್ಕೆ ತಿರುಗಿ ಒಂದು ಮೂಲೆಯಲ್ಲಿ ಕರಗಿತ್ತು, ರಿಲೇಯ ಒಳಗಿನ ಸಂಪರ್ಕಬಿಂದುಗಳೂ ಸುಟ್ಟು ಕಪ್ಪಾಗಿದ್ದವು. ವಿಚಾರಿಸಿದಾಗ, ಕಾರಿನ ಹಿಂದಿನ ಮಾಲೀಕರು ಬೆಳಕು ಸಾಲದೆಂದು 100 ವ್ಯಾಟಿನ ಬಲ್ಬುಗಳನ್ನು ಹಾಕಿಸಿದ್ದರೆಂದು ತಿಳಿಯಿತು. ಈಗ ಹೋಲ್ಡರು, ರಿಲೇ ಎರಡನ್ನೂ ಬದಲಾಯಿಸಲಾಗಿದೆ. ಆದರೂ ಬೆಳಕು ನನಗೆ ಮಂಕೆನಿಸುತ್ತದೆ. ಎಲ್‌ಇಡಿ ಬಲ್ಬು ಹಾಕಿಸಲೇ?

ತಂತಿಬಲ್ಲವ:
ಹಾಗಾದರೆ ಕಾರಣ ಸಿಕ್ಕಂತಾಯಿತು. ಎಚ್4 ಬಲ್ಬಿನ ಸಾಮಾನ್ಯ ಅಳತೆ 60/55 ವ್ಯಾಟ್, ಅಂದರೆ ಹೈ ಬೀಮಿಗೆ 60, ಲೋ ಬೀಮಿಗೆ 55. 60ರ ಜಾಗದಲ್ಲಿ 100 ವ್ಯಾಟ್ ಉರಿಸಿದಾಗ 5 ಆಂಪಿಯರ್ ಹರಿಯಬೇಕಾದ ತಂತಿಯಲ್ಲಿ 8ಕ್ಕೂ ಹೆಚ್ಚು ಹರಿಯುತ್ತದೆ. ಆ ಬಿಸಿಗೇ ಹೋಲ್ಡರು, ರಿಲೇ ಸುಟ್ಟಿರಬೇಕು.

ಎಲ್‌ಇಡಿ ಈಗಲೇ ಬೇಡ. ಹ್ಯಾಲೊಜೆನ್ ಬಲ್ಬಿನೊಳಗೆ ಉರಿಯುವ ಎಳೆಯ ಗಾತ್ರ ಮತ್ತು ಸ್ಥಾನಕ್ಕೆ ತಕ್ಕಂತೆ ರೂಪಿಸಿದ ಪ್ರತಿಫಲಕದೊಳಗೆ ಬೇರೆ ಆಕಾರದ ಬೆಳಕಿನ ಮೂಲವನ್ನಿಟ್ಟರೆ, ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಮಂಕುತನದ ಮೂಲವನ್ನು ಮೊದಲು ಹುಡುಕಿ. ಬಲ್ಬಿಗೆ ತಲುಪುವ ವೋಲ್ಟೇಜು ಶೇ 10ರಷ್ಟು ಕುಸಿದರೆ ಬೆಳಕು ಹೆಚ್ಚುಕಡಿಮೆ ಶೇ 30ರಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ದೀಪ ಉರಿಯುತ್ತಿರುವಾಗ ಹೋಲ್ಡರಿನಲ್ಲಿ ವೋಲ್ಟೇಜನ್ನು ಅಳೆಸಿ, ಅರ್ಥ್ ಜೋಡಣೆಯ ತುಕ್ಕನ್ನು ಉಜ್ಜಿಸಿ. ಹತ್ತು ವರ್ಷದ ಬಿಸಿಲಿಗೆ ಲೆನ್ಸ್ ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಿ. ಬಲ್ಬುಗಳನ್ನು ಹಲವು ಸಲ ತೆಗೆದು ಹಾಕಿರುವುದರಿಂದ ದೀಪಗಳ ದಿಕ್ಕನ್ನೂ ಪರೀಕ್ಷಿಸಲು ಹೇಳಿ.